ಮೊದಲ ಮ್ಯಾಂಡೊಲಿನ್: ಧೋಬಿ ತಲಾವ್‌ಗೆ ಹೋಗುವ ಮುಂಚೆ

ಹೋದ ತಿಂಗಳು ಮುಂಬೈ ಪಕ್ಕದ ಠಾಣೆಯಿಂದ ಭಾವ ಫೋನ್ ಮಾಡಿದರು. "ಮಾರಾಯಾ, ನಿನ್ನ ಸೊಸೆಗೆ ಮ್ಯಾಂಡೊಲಿನ್ ಬೇಕಂತೆ. ನಾನು ಆನ್‌ಲೈನ್‌ನಲ್ಲಿ ಹುಡುಕಿದೆ, ಬರೀ ಆಲೂಗಡ್ಡೆ ಹೆಚ್ಚುವ ಮಣೆಯೇ ಬರ್ತಾ ಉಂಟಲ್ಲ, ಎಂತ ಕಥೆ ಇದು?"

ತಪ್ಪು ಭಾವನದ್ದಲ್ಲ. ಚಿಪ್ಸ್‌ಗೆ ಆಲೂಗಡ್ಡೆ ಹೆರೆಯುವ ಸ್ಲೈಸರ್‌ಗೂ ಹೆಚ್ಚುಕಡಿಮೆ ಅದೇ ಹೆಸರು. ಹುಡುಕುವಾಗ ಪಕ್ಕದಲ್ಲಿ 'ಎಂಟು ತಂತಿ' ಅಂತ ಸೇರಿಸಿ, ವಾದ್ಯ ಬರುತ್ತದೆ. ಆದರೆ ಬಂದ ಮೇಲೆ ಕೂಡಲೇ ಬಟನ್ ಒತ್ತಬೇಡಿ. ಅವತ್ತು ಭಾವನಿಗೆ ಫೋನಿನಲ್ಲಿ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾನು ದೊಡ್ಡ ವಾದ್ಯಗಾರ ಏನಲ್ಲ. ಮಸ್ಜಿದ್ ಬಂದರ್‌ನಲ್ಲಿ ಲೆಕ್ಕ ಬರೆಯುವ ಕೆಲಸ, ಮನೆ ಡೊಂಬಿವಲಿ, ನಲವತ್ತಕ್ಕೆ ಹತ್ತಿರ ಬಂದಾಗ ಮ್ಯಾಂಡೊಲಿನ್ ಹಿಡಿದವ. ಅಗ್ಗದ ವಾದ್ಯ ತಗೊಂಡು ಹೇಗೆಲ್ಲ ಪೆಟ್ಟು ತಿನ್ನಬಹುದು ಅನ್ನುವುದರಲ್ಲಿ ಮಾತ್ರ ಒಳ್ಳೆ ಅನುಭವ ಇದೆ. ನನ್ನದನ್ನು ಫೋಟೋ ನೋಡಿ ತರಿಸಿದ್ದು, 6,200 ರೂಪಾಯಿ. ಬಾಕ್ಸ್ ಬಿಚ್ಚಿದಾಗ ಫಳಫಳ ಹೊಳೆಯುತ್ತಿತ್ತು. ಮೂರು ತಿಂಗಳು ದಿನಾ ಕೂತೆ. ಬೆರಳು ಒಡೆದುಹೋಯಿತು, ಒಂದು ಸ್ವರವೂ ಸರಿಯಾಗಿ ಕೂರಲಿಲ್ಲ, ಮೇಲಕ್ಕೆ ಹೋದಷ್ಟೂ ಅಪಸ್ವರ. "ನಿಮಗೆ ಶ್ರುತಿಯೇ ಇಲ್ಲ ಬಿಡಿ" ಅಂತ ಮನೆಯವಳು ಹೇಳಿದಳು, ನಾನೂ ನಂಬಿದೆ. ಆಮೇಲೆ ಒಬ್ಬರು ರಿಪೇರಿ ಅಂಕಲ್ ಆರುನೂರು ರೂಪಾಯಿ ತಗೊಂಡು, ಮುಕ್ಕಾಲು ಗಂಟೆಯಲ್ಲಿ ಅದೇ ವಾದ್ಯವನ್ನು ಬೇರೆಯೇ ವಾದ್ಯ ಮಾಡಿ ಕೊಟ್ಟರು. ಇವತ್ತಿಗೂ ನುಡಿಸುವುದು ಅದನ್ನೇ.

ಈ ಬೆಲೆಯಲ್ಲಿ ದೋಷ ಇಲ್ಲದ ಮ್ಯಾಂಡೊಲಿನ್ ಸಿಗುವುದೇ ಇಲ್ಲ ಅಂತ ಮೊದಲೇ ತಿಳಿದುಕೊಳ್ಳಿ. ನೋಡಬೇಕಾದ್ದು ಇರುವ ದೋಷ ಸರಿಮಾಡಲು ಬರುತ್ತದಾ ಇಲ್ಲವಾ ಅಂತ. ನನ್ನದರಲ್ಲಿ ಹತ್ತು ತಪ್ಪಿದ್ದವು, ಆದರೆ ಕುತ್ತಿಗೆ ನೇರ ಇತ್ತು. ಅದು ನನ್ನ ಪುಣ್ಯ, ಜಾಣತನ ಅಲ್ಲ.

ಮೊದಲು: ನುಡಿಸುವುದು ಏನನ್ನು?

ಮ್ಯಾಂಡೊಲಿನ್‌ಗೆ ಎಂಟು ತಂತಿ, ನಾಲ್ಕು ಜೋಡಿ. ಒಂದು ಜೋಡಿಯ ಎರಡೂ ತಂತಿ ಒಂದೇ ಸ್ವರಕ್ಕೆ. ದಪ್ಪದಿಂದ ಸಪೂರಕ್ಕೆ ಜಿ, ಡಿ, ಎ, ಇ ಅಂತ ಶ್ರುತಿ, ಥೇಟ್ ವಯೊಲಿನ್‌ನ ಹಾಗೆ. ಮನೆಯಲ್ಲಿ ಯಾರಾದರೂ ವಯೊಲಿನ್ ಕಲಿತಿದ್ದರೆ ಎಡಗೈ ಅರ್ಧ ಕಲಿತ ಹಾಗೇ. ವಯೊಲಿನ್‌ಗೆ ಇಲ್ಲದ ಒಂದು ಅನುಕೂಲ ಇಲ್ಲಿದೆ: ವೀಣೆಯ ಮೆಟ್ಟಿಲಿನ ಹಾಗೆ ಫ್ರೆಟ್ ಇದೆ, ಬೆರಳು ಎಲ್ಲಿಡಬೇಕು ಅಂತ ಕಣ್ಣಿಗೆ ಕಾಣುತ್ತದೆ.

ಹಳೆ ಹಿಂದಿ ಹಾಡು, ಕೊಂಕಣಿ ಹಾಡು, ವೆಸ್ಟರ್ನ್, ಇದೆಲ್ಲಕ್ಕೂ ಸಾಮಾನ್ಯ ಎಂಟು ತಂತಿಯ ಮ್ಯಾಂಡೊಲಿನ್ ಸಾಕು. ಮುಂಬೈ ಸಿನಿಮಾ ಸಂಗೀತಕ್ಕೂ ಈ ವಾದ್ಯಕ್ಕೂ ಹಳೇ ನಂಟು. ಸಂಗೀತ ನಿರ್ದೇಶಕ ಸಜ್ಜಾದ್ ಹುಸೇನ್ ದೊಡ್ಡ ಮ್ಯಾಂಡೊಲಿನ್ ವಾದಕರು. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಲಕ್ಷ್ಮೀಕಾಂತ್ ಕೂಡ ಮ್ಯಾಂಡೊಲಿನ್ ನುಡಿಸುತ್ತಲೇ ಮೇಲೆ ಬಂದವರು.

ಕರ್ನಾಟಕ ಸಂಗೀತ ಕಲಿಯುವುದಾದರೆ ಮಾತ್ರ ಸ್ವಲ್ಪ ನಿಲ್ಲಿ. ಮ್ಯಾಂಡೊಲಿನ್ ಶ್ರೀನಿವಾಸ್ ಅವರನ್ನು ಕೇಳಿಯೇ ಈ ವಾದ್ಯದ ಹುಚ್ಚು ಹಿಡಿಸಿಕೊಂಡವರು ನಮ್ಮಲ್ಲಿ ಜಾಸ್ತಿ. ಆದರೆ ಅವರು ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್, ಅದರಲ್ಲೂ ಜೋಡಿ ತಂತಿ ಅಲ್ಲ, ಒಂಟಿ ತಂತಿ, ಒಟ್ಟು ಐದು. ಕಾರಣ ಸುಲಭ. ಗಮಕಕ್ಕೆ ತಂತಿಯನ್ನು ಪಕ್ಕಕ್ಕೆ ಎಳೆಯಬೇಕು, ಬಿಗಿಯಾದ ಜೋಡಿ ತಂತಿಯನ್ನು ಹಾಗೆ ಎಳೆದು ನೋಡಿ, ಗೊತ್ತಾಗುತ್ತದೆ. ಶ್ರುತಿ ಕೂಡ ಮೇಷ್ಟ್ರು ಹೇಳಿದ ಹಾಗೆ ಸ-ಪ ಲೆಕ್ಕದಲ್ಲಿ ಬದಲಾಗುತ್ತದೆ. ಹಾಗಾಗಿ ಮೊದಲು ಮೇಷ್ಟ್ರನ್ನು ಹುಡುಕಿ, ವಾದ್ಯ ಆಮೇಲೆ. ಮಾಟುಂಗಾ, ಚೆಂಬೂರ್ ಕಡೆ ಕರ್ನಾಟಕ ಸಂಗೀತದ ಪಾಠ ಹೇಳುವವರಿಗೆ ಬರ ಇಲ್ಲ, ಒಬ್ಬರನ್ನು ಕೇಳಿದರೆ ಇನ್ನೊಬ್ಬರ ನಂಬರ್ ಸಿಗುತ್ತದೆ.

ಸೊಸೆಗೆ ಬೇಕಾದ್ದು ಹಳೆ ಹಿಂದಿ ಹಾಡು. ಅಲ್ಲಿಗೆ ಭಾವನ ಕೆಲಸ ಹಗುರಾಯಿತು.

ಹಣದ ಲೆಕ್ಕ

ನನ್ನ ಪುಸ್ತಕದಲ್ಲಿ ಬರೆದಿಟ್ಟದ್ದು ಹೀಗಿದೆ. ವಾದ್ಯ 6,200. ರಿಪೇರಿ 600. ಹೊಸ ತಂತಿ ಸೆಟ್ 550. ಶ್ರುತಿ ನೋಡುವ ಕ್ಲಿಪ್ ಟ್ಯೂನರ್ 350. ತಂತಿ ಮೀಟುವ ಪಿಕ್ ನಾಲ್ಕು, ಒಟ್ಟು 100. ಒಟ್ಟಿಗೆ 7,800. ಚೀಲ ವಾದ್ಯದ ಜೊತೆಗೇ ಬಂದಿತ್ತು, ಅದನ್ನು ಚೀಲ ಅಂತ ಕರೆಯುವುದಾದರೆ.

ಇದು ಐದು ವರ್ಷದ ಹಿಂದಿನ ಲೆಕ್ಕ, ಈಗ ಅಂಕಿ ಬೇರೆ ಇರುತ್ತದೆ. ಆದರೆ ಪಾಲು ನೋಡಿ. ನಿಮ್ಮ ಹತ್ತಿರ 8,000 ಇದೆ ಅಂತಾದರೆ 8,000ದ ವಾದ್ಯ ತಗೋಬೇಡಿ. ಆರೂವರೆಯೊಳಗೆ ವಾದ್ಯ ನೋಡಿ, ಉಳಿದದ್ದನ್ನು ರಿಪೇರಿಗೆ ಮತ್ತು ತಂತಿಗೆ ಇಟ್ಟುಕೊಳ್ಳಿ. ಆರು ಸಾವಿರದ ವಾದ್ಯವನ್ನು ಆರುನೂರು ಕೊಟ್ಟು ಸರಿಮಾಡಿಸಿದರೆ, ಹಾಗೇ ಬಿಟ್ಟ ಒಂಬತ್ತು ಸಾವಿರದ್ದಕ್ಕಿಂತ ಚೆನ್ನಾಗಿ ನುಡಿಯುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಅವರಿಗಿಲ್ಲ.

ಈ ಬೆಲೆಗೆ ಸಿಗುವುದು ಪ್ಲೈವುಡ್ ಮುಖದ ವಾದ್ಯ. ಮುಖ ಅಂದರೆ ತಂತಿಯ ಅಡಿಯ ಮೇಲ್ಹಲಗೆ. ಪ್ಲೈ ಅಂದ ಕೂಡಲೇ ಮೂಗು ಮುರಿಯಬೇಡಿ. ಒಂದೇ ಮರದ ಹಲಗೆಯ ಮುಖ ಇದ್ದರೆ ನಾದ ಚೆಂದ, ನಿಜ. ಆದರೆ ನಮ್ಮ ಜೂನ್-ಜುಲೈಯಲ್ಲಿ ಅದು ಹಪ್ಪಳದ ಹಾಗೆ ತೇವ ಎಳೆದುಕೊಂಡು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಪ್ಲೈ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲ ಎರಡು ವರ್ಷ ಲೋಕಲ್ ಟ್ರೈನಿನಲ್ಲಿ ಹೊತ್ತುಕೊಂಡು ಹೋಗುವ ವಾದ್ಯಕ್ಕೆ ಅದೇ ವಾಸಿ.

ಆಕಾರಕ್ಕೆ ಮರುಳಾಗಬೇಡಿ

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಆಕಾರ ಕಾಣುತ್ತವೆ. ಕಣ್ಣೀರಿನ ಹನಿಯ ಹಾಗೆ ಸಾದಾ ಇರುವುದು ಎ ಸ್ಟೈಲ್. ಒಂದು ಭುಜದ ಮೇಲೆ ಬಸವನಹುಳುವಿನ ಸುರುಳಿ, ಎದುರು ಪಕ್ಕದಲ್ಲಿ ಎರಡು ಚೂಪು ಮೂಲೆ ಇರುವುದು ಎಫ್ ಸ್ಟೈಲ್. ಸುರುಳಿ ನೋಡಲು ಬಹಳ ಚೆಂದ, ಗೋಡೆಗೆ ನೇತುಹಾಕಿದರೆ ಬಂದವರು ಕೇಳುತ್ತಾರೆ. ನಾದಕ್ಕೆ ಅದರಿಂದ ಏನೂ ಇಲ್ಲ. ಅದನ್ನು ಕೆತ್ತಲು ಕೆಲಸ ಜಾಸ್ತಿ, ಹಾಗಾಗಿ ಒಂದೇ ಬೆಲೆಯ ಎರಡು ಇಟ್ಟರೆ ಎಫ್‌ನಲ್ಲಿ ಹಣ ಸುರುಳಿಗೆ ಹೋಗಿರುತ್ತದೆ, ಬೇರೆಲ್ಲೋ ಕಡಿತ ಆಗಿರುತ್ತದೆ. ನಾನು ತಗೊಂಡದ್ದು ಎಫ್, ಗೊತ್ತಲ್ವಾ. ನೀವು ಎ ತಗೊಳ್ಳಿ.

ಇನ್ನೊಂದು, ಬೆನ್ನು ಕಲ್ಲಂಗಡಿಯ ಹಾಗೆ ಗುಂಡಗಿರುವುದು. ಹಳೆ ಇಟಲಿ ಶೈಲಿ. ಗೋವಾದ ಹಳೇ ಮನೆಯೊಂದರಲ್ಲಿ ನೋಡಿದ್ದೆ, ಕೊಡುತ್ತೇವೆ ಅಂದರೂ ತರಲಿಲ್ಲ. ಮಡಿಲಲ್ಲಿ ಜಾರುತ್ತದೆ. ಅದಕ್ಕೆ ತೀರ ಸಪೂರ ತಂತಿಯೇ ಬೇಕು, ಈಗಿನ ಸಾಮಾನ್ಯ ತಂತಿ ಹಾಕಿದರೆ ಎಳೆತಕ್ಕೆ ಮುಖವೇ ಕುಸಿಯಬಹುದು. ಎಂಟು ತಂತಿ ಸೇರಿ ಎಳೆಯುವ ಭಾರ 70 ಕೆಜಿಯ ಆಸುಪಾಸು, ಒಬ್ಬ ದೊಡ್ಡ ಆಳು ನೇತಾಡಿದ ಹಾಗೆ.

ಇದೇ ಬೆಲೆಗೆ ಸ್ಪೀಕರ್ ಜೋಡಿಸಲು ವೈರ್ ಚುಚ್ಚುವ ಪಿಕಪ್ ಕೂಡ ಕೊಡುತ್ತೇವೆ ಅಂದರೆ ಬೇಡ ಅನ್ನಿ.

ಎಲ್ಲಿಗೆ ಹೋಗುವುದು

ಮುಂಬೈಯಲ್ಲಿ ಮೊದಲ ಹೆಸರು ಧೋಬಿ ತಲಾವ್. ವೆಸ್ಟರ್ನ್ ಲೈನ್‌ನವರು ಮರೀನ್ ಲೈನ್ಸ್‌ನಲ್ಲಿ ಇಳಿಯಿರಿ. ನಮ್ಮ ಹಾಗೆ ಸೆಂಟ್ರಲ್‌ನವರು ಸಿಎಸ್‌ಎಂಟಿಯಲ್ಲಿ ಇಳಿದು ಆಜಾದ್ ಮೈದಾನದ ಪಕ್ಕದಿಂದ ಮೆಟ್ರೋ ಸಿನಿಮಾ ಕಡೆ ನಡೆದರೆ ಕಾಲು ಗಂಟೆ. 1865ರಿಂದ ಇರುವ ವಾದ್ಯದ ಅಂಗಡಿ ಫುರ್ಟಾಡೋಸ್ ಅಲ್ಲೇ ಇದೆ. ಆಸುಪಾಸಿನ ಗಲ್ಲಿಗಳಲ್ಲಿ ಸಣ್ಣ ಅಂಗಡಿ, ರಿಪೇರಿಯವರು ಸಿಗುತ್ತಾರೆ. ಬಾಂದ್ರಾ-ಖಾರ್ ಕಡೆಯವರಿಗೆ ಭಾರ್ಗವಾಸ್ ಇದೆ. ಎಲ್ಲಿಗೆ ಹೋದರೂ ಮೊದಲು ಫೋನ್ ಮಾಡಿ, "ಮ್ಯಾಂಡೊಲಿನ್ ಎಷ್ಟು ಪೀಸ್ ಇದೆ" ಅಂತ ಕೇಳಿ. ಒಂದೇ ಪೀಸ್ ಇರುವ ಅಂಗಡಿಗೆ ಹೋಗಿ ಪ್ರಯೋಜನ ಕಡಿಮೆ. ಒಂದೇ ಮಾಡೆಲ್‌ನ ಮೂರು ಪೀಸ್ ಇದ್ದರೆ ಮೂರೂ ಮೂರು ತರಹ ಇರುತ್ತವೆ, ಆರಿಸುವ ಅವಕಾಶ ಸಿಗುವುದೇ ಅಲ್ಲಿ.

ಒಂದು ಗೊಂದಲ ಈ ಊರಿನದ್ದೇ. ಸಣ್ಣ ಅಂಗಡಿಯಲ್ಲಿ "ಛೋಟಾ ಗಿಟಾರ್ ಜೈಸಾ, ಡಬಲ್ ತಾರ್ ವಾಲಾ" ಅಂತೆಲ್ಲ ವಿವರಿಸಲು ಹೋದರೆ ಯುಕುಲೇಲೆ ತೆಗೆದು ಕೊಡುತ್ತಾರೆ, ಇಲ್ಲವೇ ಬೆಂಜೋ. ಇಲ್ಲಿಯ ಬೆಂಜೋ ಅಂದರೆ ಟೈಪ್‌ರೈಟರ್‌ನ ಹಾಗೆ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್‌ನ ಅಣ್ಣ, ಗಣಪತಿ ಮೆರವಣಿಗೆಯ ಬೆಂಜೋ ಪಾರ್ಟಿಯಲ್ಲಿ ಬರುತ್ತದಲ್ಲ, ಅದು. ಸುಮ್ನೆ ಮ್ಯಾಂಡೊಲಿನ್ ಅನ್ನಿ, ಸಾಕು.

ಅಂಗಡಿಯಲ್ಲಿ ಅರ್ಧ ಗಂಟೆ

ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕಾದದ್ದು ಟೈಲರ್ ಟೇಪ್, ಎರಡು ಒಂದು ರೂಪಾಯಿ ನಾಣ್ಯ, ಒಂದು ವಿಸಿಟಿಂಗ್ ಕಾರ್ಡ್, ಮತ್ತು ಫೋನಿನಲ್ಲಿ ಯಾವುದಾದರೂ ಉಚಿತ ಟ್ಯೂನರ್ ಆ್ಯಪ್. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ, ಶನಿವಾರ ಸಂಜೆ ಬೇಡ. ನುಡಿಸಲು ಬರುವುದಿಲ್ಲ ಅಂತ ನಾಚಿಕೊಳ್ಳಬೇಡಿ. ಈ ಪರೀಕ್ಷೆಗೆ ನುಡಿಸಲು ಬರಬೇಕಾಗಿಲ್ಲ, ಒಂದು ಬೆರಳು ಸಾಕು.

ಮೊದಲು ಕುತ್ತಿಗೆ. ಬಂದೂಕಿಗೆ ಗುರಿ ಹಿಡಿಯುವ ಹಾಗೆ ವಾದ್ಯವನ್ನು ಕಣ್ಣಿನ ಹತ್ತಿರ ತಂದು, ತಲೆಯ ಕಡೆಯಿಂದ ಬುಡದ ಕಡೆಗೆ ನೋಡಿ. ಎರಡೂ ಅಂಚು ನೇರ ಗೆರೆಯ ಹಾಗೆ ಹೋಗಬೇಕು. ಬಿಲ್ಲಿನ ಹಾಗೆ ಬಾಗಿದ್ದರೆ, ಇಲ್ಲವೇ ಒಂದು ಅಂಚು ಮೇಲೆ ಇನ್ನೊಂದು ಕೆಳಗೆ ತಿರುಚಿಕೊಂಡಿದ್ದರೆ, ವಾಪಸ್ ಕೊಡಿ. ಇನ್ನೊಂದು ದಾರಿ ಇದೆ. ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ತಿರ ನೋಡಿ. ತಂತಿಗೂ ಫ್ರೆಟ್‌ಗೂ ನಡುವೆ ಒಂದು ಕಾಗದ ಹಿಡಿಸುವಷ್ಟು ಸಂದು ಇದ್ದರೆ ಚೆನ್ನ. ವಿಸಿಟಿಂಗ್ ಕಾರ್ಡ್ ತೂರಿ ಆಚೀಚೆ ಆಡುವಷ್ಟಿದ್ದರೆ ಕುತ್ತಿಗೆ ಬಾಗಿದೆ. ಒಳಗೆ ಕಬ್ಬಿಣದ ರಾಡ್ ಇರುವ ವಾದ್ಯವಾದರೆ ತಿರುಪಿ ಸರಿಮಾಡಬಹುದು, ಅಗ್ಗದವುಗಳಲ್ಲಿ ಎಷ್ಟೋ ಸಲ ರಾಡೇ ಇರುವುದಿಲ್ಲ. ಕೇಳಿ ತಿಳಿದುಕೊಳ್ಳಿ.

ಆಮೇಲೆ ಕುತ್ತಿಗೆ ಮೈಗೆ ಸೇರುವ ಜಾಗ. ಬಿರುಕು, ಅಂಟು ಬಿಟ್ಟ ಗೆರೆ ಇದ್ದರೆ ಮಾತೇ ಬೇಡ. ತಂತಿಗಳನ್ನು ಮುಖದ ಮೇಲೆ ಎತ್ತಿ ಹಿಡಿಯುವ ಮರದ ತುಂಡಿಗೆ ಬ್ರಿಜ್ ಅನ್ನುತ್ತಾರೆ. ಬ್ರಿಜ್‌ನ ಕೆಳಗೆ ಮುಖ ತಗ್ಗಿದೆಯಾ ಅಂತ ಪಕ್ಕದಿಂದ ಬಗ್ಗಿ ನೋಡಿ. ಇವು ಸರಿಮಾಡಲು ಬಾರದ ದೋಷಗಳು. ಸರಿಮಾಡಲು ಬರುತ್ತದೆ ಅನ್ನುವವರು ಇದ್ದಾರೆ, ಆದರೆ ಆ ಖರ್ಚಿಗೆ ಇನ್ನೊಂದು ವಾದ್ಯ ಬರುತ್ತದೆ.

ಈಗ ಟೇಪ್ ತೆಗೆಯಿರಿ. ತಂತಿ ಕುತ್ತಿಗೆಯ ತುದಿಯಲ್ಲಿ ಒಂದು ಸಣ್ಣ ಪಟ್ಟಿಯ ಗೀರುಗಳ ಮೇಲೆ ಹಾದುಹೋಗುತ್ತದಲ್ಲ, ಅದು ನಟ್. ನಟ್‌ನಿಂದ ಹನ್ನೆರಡನೇ ಫ್ರೆಟ್‌ಗೆ ಎಷ್ಟು, ಅಲ್ಲಿಂದ ಬ್ರಿಜ್‌ಗೆ ಎಷ್ಟು ಅಂತ ಅಳೆಯಿರಿ. ಹನ್ನೆರಡನೇ ಫ್ರೆಟ್ ಅಂದರೆ ಸರೀ ಅರ್ಧ, ಮೇಲಿನ ಷಡ್ಜ. ಸಾಮಾನ್ಯ ಮ್ಯಾಂಡೊಲಿನ್‌ನಲ್ಲಿ ಪೂರ್ತಿ ಉದ್ದ 35 ಸೆಂಟಿಮೀಟರ್ ಆಸುಪಾಸು, ಅಂದರೆ ಆ ಕಡೆ ಹದಿನೇಳೂವರೆ, ಈ ಕಡೆ ಹದಿನೇಳೂವರೆ, ಬ್ರಿಜ್ ಕಡೆ ಒಂದು ಕೂದಲೆಳೆ ಜಾಸ್ತಿ. ನನ್ನದರಲ್ಲಿ ಬ್ರಿಜ್ ಅರ್ಧ ಸೆಂಟಿಮೀಟರ್ ಈಚೆ ಕೂತಿತ್ತು. ಮೂರು ತಿಂಗಳು ನಾನು ಅಪಸ್ವರದವ ಅನ್ನಿಸಿಕೊಂಡದ್ದು ಆ ಅರ್ಧ ಸೆಂಟಿಮೀಟರ್‌ನಿಂದ! ಆದರೆ ಇದು ದೋಷವೇ ಅಲ್ಲ, ಯಾಕಂದರೆ ಉಬ್ಬು ಮುಖದ ಮ್ಯಾಂಡೊಲಿನ್‌ನಲ್ಲಿ ಬ್ರಿಜ್‌ಗೆ ಅಂಟು ಹಾಕಿರುವುದಿಲ್ಲ, ತಂತಿಯ ಒತ್ತಡಕ್ಕೇ ನಿಂತಿರುತ್ತದೆ, ಸರಿಸಿದರೆ ಸರಿಯುತ್ತದೆ. ದಾರಿಯಲ್ಲಿ ಟೆಂಪೋದವನು ಬಾಕ್ಸ್ ಎಸೆದರೂ ಸರಿಯುತ್ತದೆ.

ಬ್ರಿಜ್ ಜಾಗದಲ್ಲಿದೆ ಅನಿಸಿದರೆ ಆ್ಯಪ್ ಹಚ್ಚಿ ಇನ್ನೊಮ್ಮೆ ನೋಡಿ. ಹನ್ನೆರಡನೇ ಫ್ರೆಟ್‌ನ ಸರೀ ಮೇಲೆ ತಂತಿಗೆ ಬೆರಳು ಮುಟ್ಟಿಸಿ, ಒತ್ತದೆ ಮೀಟಿ, ಗಂಟೆಯ ಹಾಗೆ ಒಂದು ಸ್ವರ ಬರುತ್ತದೆ. ಈಗ ಅಲ್ಲೇ ಒತ್ತಿ ಮೀಟಿ. ಆ್ಯಪ್‌ನ ಮುಳ್ಳು ಎರಡು ಸಲವೂ ಒಂದೇ ಕಡೆ ನಿಲ್ಲಬೇಕು. ಬ್ರಿಜ್ ಸರಿಸಿದ ಮೇಲೂ ನಡುವಿನ ಫ್ರೆಟ್‌ಗಳು ಅಡ್ಡಾದಿಡ್ಡಿ ಸ್ವರ ಕೊಟ್ಟರೆ ಫ್ರೆಟ್ ಕೂರಿಸಿದ್ದೇ ತಪ್ಪು ಜಾಗದಲ್ಲಿ. ಅಂಥದ್ದು ಯಾರ ಕೈಯಲ್ಲೂ ಉದ್ಧಾರ ಆಗುವುದಿಲ್ಲ.

ನಾಣ್ಯದ ಸರದಿ. ಹನ್ನೆರಡನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಇರುವ ಎತ್ತರಕ್ಕೆ ಆಕ್ಷನ್ ಅನ್ನುತ್ತಾರೆ. ಸಪೂರ ಇ ತಂತಿಯ ಕೆಳಗೆ ಒಂದೂವರೆ ಮಿಲಿಮೀಟರ್, ದಪ್ಪ ಜಿ ತಂತಿಯ ಕೆಳಗೆ ಎರಡರ ಹತ್ತಿರ ಇದ್ದರೆ ಬೆರಳಿಗೆ ಸುಖ. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದ ದಪ್ಪ. ಎರಡು ನಾಣ್ಯ ಒಟ್ಟಿಗೆ ಸಲೀಸಾಗಿ ತೂರಿದರೆ ಎತ್ತರ ಜಾಸ್ತಿ. ಇದೂ ಸರಿಮಾಡಲು ಬರುವ ದೋಷ, ಬ್ರಿಜ್‌ನಲ್ಲಿ ಎರಡು ಸಣ್ಣ ಗಾಲಿ ಇದ್ದರಂತೂ ತಿರುಗಿಸಿದರೆ ಆಯಿತು. ಗಾಲಿ ಇದೆಯಾ ಅಂತ ಖಂಡಿತ ನೋಡಿ. ಇಲ್ಲದಿದ್ದರೆ ಕೆಳಗಿನಿಂದ ಉಜ್ಜಬೇಕಾಗುತ್ತದೆ.

ಕೊನೆಗೆ ತಾಳ್ಮೆಯ ಕೆಲಸ. ನಾಲ್ಕು ಜೋಡಿ, ಹನ್ನೆರಡು ಫ್ರೆಟ್, ಒಟ್ಟು 48 ಸಲ ಒಂದೊಂದಾಗಿ ಒತ್ತಿ ಮೀಟಿ. ಅಂಗಡಿಯ ಹುಡುಗ ಮುಖ ಮುಖ ನೋಡುತ್ತಾನೆ, ನೋಡಲಿ. ಎಲ್ಲಾದರೂ 'ಝೀಂಯ್' ಅಂತ ಸೀಳು ಸದ್ದು ಬಂದರೆ ಗುರುತು ಮಾಡಿಕೊಳ್ಳಿ. ಒಂದೆರಡು ಕಡೆ ಬಂದರೆ ಆ ಫ್ರೆಟ್ ಎದ್ದಿದೆ ಅಷ್ಟೆ, ತಟ್ಟಿ ಕೂರಿಸಬಹುದು. ಐದನೇ ಫ್ರೆಟ್‌ನಿಂದ ಹತ್ತರವರೆಗೆ ಉದ್ದಕ್ಕೂ ಬಂದರೆ ಮತ್ತೆ ಕುತ್ತಿಗೆಯ ಕಥೆ.

ಎಂಟು ಟ್ಯೂನಿಂಗ್ ಕೀಯನ್ನೂ ತಿರುಗಿಸಿ. ಬಿಗಿ ಇರಲಿ, ಪರವಾಗಿಲ್ಲ. ತಿರುಗಿಸಿದರೂ ಸ್ವರ ಬದಲಾಗದೆ ಖಾಲಿ ಸುತ್ತುವುದು ಬೇಡ. ತಿರುಗಿಸುವಾಗ 'ಟಿಕ್' ಅಂದು ಸ್ವರ ಹಾರಿದರೆ ಅದು ಕೀಯದ್ದಲ್ಲ, ನಟ್‌ನ ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ, ಮನೆಗೆ ಬಂದು ಗೀರಿಗೆ ಪೆನ್ಸಿಲ್ ಮೊನೆ ತಿಕ್ಕಿದರೆ ಹೋಗುತ್ತದೆ. ಕುತ್ತಿಗೆಯ ಅಂಚಿನ ಉದ್ದಕ್ಕೂ ಅಂಗೈ ಸವರಿ, ಫ್ರೆಟ್‌ನ ತುದಿ ಚುಚ್ಚಿದರೆ ಅದಕ್ಕೂ ಒಂದು ಅರ ಸಾಕು.

ಭಾವ ಮೂರು ಪೀಸ್ ನೋಡಿದರು. ಅತಿ ಚೆಂದದ್ದರ ಕುತ್ತಿಗೆ ತಿರುಚಿತ್ತು. ಎರಡನೆಯದರ ಎರಡು ಕೀ ಖಾಲಿ ಸುತ್ತುತ್ತಿದ್ದವು. ಮೂರನೆಯದಕ್ಕೆ ಪಾಲಿಶ್ ಮೇಲೆ ಒಂದು ಗೀರು, ಆಕ್ಷನ್ ಎತ್ತರ, ತಂತಿಗೆ ತುಕ್ಕು. "ಇದನ್ನೇ ತಗೊಳ್ಳಿ ಭಾವ" ಅಂದೆ. "ತುಕ್ಕು ಹಿಡಿದದ್ದನ್ನಾ?" ಅಂತ ಒಂದು ಸಲ ನನ್ನ ಮುಖ ನೋಡಿದರು. ತುಕ್ಕು ಇರುವುದು ತಂತಿಗೆ, ತಂತಿ ಹೇಗೂ ಬದಲಾಯಿಸುವುದೇ. ಗೀರು ತೋರಿಸಿ 400 ಕಡಿಮೆ ಮಾಡಿಸಿದೆವು.

ಆರುನೂರು ರೂಪಾಯಿಯ ಕೆಲಸ

ನನ್ನ ವಾದ್ಯ ರಿಪೇರಿಯಾದ ದಿನ ನಾನು ಎದುರಿಗೇ ಸ್ಟೂಲ್ ಮೇಲೆ ಕೂತಿದ್ದೆ. ಅಂಕಲ್ ಗೋವಾದವರು, ನಮ್ಮ ಮನೆಮಾತೂ ಕೊಂಕಣಿ, ಆದರೆ ಅವರ ಕೊಂಕಣಿ ಒಂದು ತರಹ, ನಮ್ಮ ಕಾರ್ಕಳದ್ದು ಇನ್ನೊಂದು ತರಹ. ನಾಲ್ಕು ಮಾತಾದ ಮೇಲೆ ಇಬ್ಬರೂ ಹಿಂದಿಗೆ ಬಂದೆವು. ಅವರು ಟವೆಲ್ ಮಡಚಿ ಅದರ ಮೇಲೆ ವಾದ್ಯ ಮಲಗಿಸಿದರು. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್‌ನ ಮೇಲೆ ಉಗುರಿನಿಂದ ತಟ್ಟಿದರು. "ದೇಖೋ, ಕಿತನಾ ಊಂಚಾ." ಅಲ್ಲಿ ಕಾಗದದಷ್ಟು ಸಂದು ಇರಬೇಕಾದದ್ದು, ನನ್ನದರಲ್ಲಿ ಬೆಂಕಿಕಡ್ಡಿ ತೂರುತ್ತಿತ್ತು. ಮೊದಲ ಎರಡು ಫ್ರೆಟ್ ಒತ್ತುವಾಗ ಬೆರಳು ಒಡೆದದ್ದು ಅದಕ್ಕೇ. ಜೋರಾಗಿ ಒತ್ತಿದರೆ ತಂತಿ ಹಿಗ್ಗಿ ಸ್ವರವೂ ಏರುತ್ತದೆ.

ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿದರು. ಸೂಜಿಯಷ್ಟು ಸಪೂರದ ಅರದಿಂದ ನಟ್‌ನ ಗೀರನ್ನು ಮೂರು ಸಲ ಎಳೆದು ಉಫ್ ಅಂತ ಊದಿ, ತಂತಿ ವಾಪಸ್ ಕೂರಿಸಿ, ತಟ್ಟಿ ನೋಡಿದರು. ಮತ್ತೆ ಎರಡು ಸಲ. ಮತ್ತೆ ನೋಡಿದರು. ಎಂಟು ಗೀರಿಗೂ ಹೀಗೇ, ಅವಸರ ಇಲ್ಲ. ಒಂದು ಎಳೆತ ಜಾಸ್ತಿ ಆದರೆ ಗೀರು ಆಳವಾಗಿ ನಟ್ಟೇ ಬದಲಿಸಬೇಕಾಗುತ್ತದೆ, ಅದಕ್ಕೇ ಇದನ್ನು ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡಲು ಹೋಗಬೇಡಿ. ಆಮೇಲೆ ಬ್ರಿಜ್ ಇಳಿಸಿದರು, ಅರ್ಧ ಸೆಂಟಿಮೀಟರ್ ಹಿಂದಕ್ಕೆ ಸರಿಸಿದರು, ಹೊಸ ತಂತಿ ಹಾಕಿದರು. ಎರಡು ಫ್ರೆಟ್ ತಟ್ಟಿ ಕೂರಿಸಿದರು. ವಾದ್ಯ ನನ್ನ ಕೈಗೆ ಬಂದಾಗ ಒಂದು ಬೆರಳಿಟ್ಟೆ, ಒತ್ತಿದ ಹಾಗೇ ಆಗಲಿಲ್ಲ, ಸ್ವರ ಬಂತು.

ಹೊಸ ವಾದ್ಯ ತಗೊಂಡ ದಿನವೇ ಇದನ್ನು ಮಾಡಿಸಿಕೊಂಡು ಮನೆಗೆ ಬನ್ನಿ. ಅಂಗಡಿಯಲ್ಲೇ ಮಾಡಿಕೊಡುತ್ತಾರಾ ಕೇಳಿ, ಕೆಲವರು ಪುಕ್ಕಟೆಗೂ ಮಾಡುತ್ತಾರೆ. ಬರೀ "ಸೆಟಪ್ ಮಾಡಿಕೊಡಿ" ಅಂದರೆ ಶ್ರುತಿ ಮಾಡಿ ಕೊಟ್ಟುಬಿಡುತ್ತಾರೆ. ನಟ್ ಇಳಿಸಬೇಕು, ಬ್ರಿಜ್ ಎತ್ತರ ಮತ್ತು ಜಾಗ ನೋಡಬೇಕು ಅಂತ ಬಿಡಿಸಿ ಹೇಳಿ.

ಸೆಕೆಂಡ್ ಹ್ಯಾಂಡ್ ಕೂಡ ತಗೋಬಹುದು, ಓಎಲ್‌ಎಕ್ಸ್‌ನಲ್ಲಿ ಆಗಾಗ ಕಾಣುತ್ತವೆ, ಲಾಕ್‌ಡೌನ್‌ನಲ್ಲಿ ತಗೊಂಡು ಅಟ್ಟಕ್ಕೆ ಹಾಕಿದವು. ಪರೀಕ್ಷೆ ಎಲ್ಲ ಅದೇ. ಚೋರ್ ಬಜಾರ್‌ನಲ್ಲಿ ಸಿಗುವ ಹಳೆಯದು ಶೋಕೇಸಿಗೆ ಚೆಂದ.

ಮನೆಗೆ ತಂದ ಮೇಲೆ

ಪಿಕ್ ದಪ್ಪ ಇರಲಿ, ಒಂದು ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಗಿಟಾರ್‌ಗೆ ಕೊಡುವ ತೆಳು ಪಿಕ್ ಜೋಡಿ ತಂತಿಗೆ ತಾಗಿದರೆ ಪೇಪರ್ ಹರಿದ ಸದ್ದು ಬರುತ್ತದೆ. ತಂತಿ ತಗೊಳ್ಳುವಾಗ 'ಲೈಟ್' ಸೆಟ್ ಕೇಳಿ, 10ರಿಂದ 38 ಅಂತ ಪ್ಯಾಕೆಟ್ ಮೇಲೆ ಇರುತ್ತದೆ. 11ರಿಂದ ಶುರುವಾಗುವ ಮೀಡಿಯಂ ಹೊಸ ಬೆರಳಿಗೆ ಭಾರ, ಅಗ್ಗದ ವಾದ್ಯದ ಮುಖಕ್ಕೂ ಭಾರ.

ಶ್ರುತಿ ಮಾಡಲು ಮೊದಲ ವಾರ ಹತ್ತು ನಿಮಿಷ ಹೋಗುತ್ತದೆ. ಜೋಡಿಯಲ್ಲಿ ಒಂದನ್ನು ಟ್ಯೂನರ್ ನೋಡಿ ಮಾಡಿ, ಇನ್ನೊಂದನ್ನು ಕಿವಿಯಿಂದ ಅದಕ್ಕೆ ಸೇರಿಸಿ. ಎರಡೂ ಮೀಟಿದಾಗ ಅಲೆಅಲೆಯಾಗಿ 'ವಾಂವ್ ವಾಂವ್' ಅನ್ನುತ್ತಿದ್ದರೆ ಇನ್ನೂ ಸೇರಿಲ್ಲ. ಅಲೆ ನಿಧಾನವಾಗುತ್ತಾ ಬಂದು ನಿಂತರೆ ಸೇರಿತು. ದಿನಕ್ಕೆ ಹದಿನೈದು ನಿಮಿಷ ಸಾಕು. ಬೆರಳ ತುದಿ ಗಟ್ಟಿಯಾಗಲು ಎರಡು-ಮೂರು ವಾರ ಬೇಕು, ಅಲ್ಲಿಯವರೆಗೆ ಬಿಸಿ ಇಡ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಚಿಕ್ಕ ವಾದ್ಯ ಆದರೂ ಸದ್ದು ಜೋರು. ನಮ್ಮ ಬಿಲ್ಡಿಂಗ್‌ಗಳ ಗೋಡೆ ನಿಮಗೆ ಗೊತ್ತೇ ಇದೆ. ರಾತ್ರಿ ನುಡಿಸುವುದಾದರೆ ಬ್ರಿಜ್ ಹತ್ತಿರ ತಂತಿಯ ಅಡಿಗೆ ಕರ್ಚೀಫ್ ಸಿಕ್ಕಿಸಿ.

ಮಳೆಗಾಲದಲ್ಲಿ ನುಡಿಸಿದ ಮೇಲೆ ಪ್ರತಿ ಸಲ ಒಣ ಬಟ್ಟೆಯಿಂದ ತಂತಿಯನ್ನು ಮೇಲೂ ಕೆಳಗೂ ಒರೆಸಿ, ಚೀಲಕ್ಕೆ ಹಾಕಿ, ಚೀಲದಲ್ಲಿ ನಾಲ್ಕು ಸಿಲಿಕಾ ಜೆಲ್ ಪ್ಯಾಕೆಟ್ ಇಡಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವುದನ್ನೇ ಎತ್ತಿಟ್ಟುಕೊಂಡರೆ ಆಯಿತು. ಹೊರಗಿನ ಗೋಡೆಗೆ ತಾಗಿಸಿ ಇಡಬೇಡಿ, ಆ ಗೋಡೆ ಆಗಸ್ಟ್‌ನಲ್ಲಿ ಬೆವರುತ್ತದೆ. ಇಷ್ಟು ಮಾಡಿದರೂ ಡೊಂಬಿವಲಿಯಲ್ಲಿ ನನಗೆ ಒಂದು ಮಳೆಗಾಲಕ್ಕೆ ಎರಡು ಸೆಟ್ ತಂತಿ ಬೇಕಾಗುತ್ತದೆ.

ತಂತಿ ಬದಲಿಸುವಾಗ ಎಂಟನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಜ್ ಕಳಚಿ ಕೈಗೆ ಬರುತ್ತದೆ, ಮಾಡಿಸಿದ ಆರುನೂರರ ಕೆಲಸ ಅರ್ಧ ಹೋಯಿತು. ಒಂದು ಬಿಚ್ಚಿ, ಒಂದು ಹಾಕಿ, ಆಮೇಲೆ ಇನ್ನೊಂದು. ಬ್ರಿಜ್‌ನ ಎರಡು ಕಾಲಿನ ಪಕ್ಕ ಪೆನ್ಸಿಲ್‌ನಿಂದ ಸಣ್ಣ ಗುರುತು ಮಾಡಿಟ್ಟರೆ ಇನ್ನೂ ಒಳ್ಳೆಯದು.

ಸೊಸೆ ಎರಡನೇ ದಿನವೇ ಇ ತಂತಿ ಕಟ್ ಮಾಡಿಕೊಂಡು ಫೋನ್ ಮಾಡಿದಳು. "ಮಾಮಾ, ಜಾಸ್ತಿ ತಿರುಗಿಸಿಬಿಟ್ಟೆ." ಠಾಣೆಯಲ್ಲಿ ಮ್ಯಾಂಡೊಲಿನ್ ತಂತಿ ಬಿಡಿಯಾಗಿ ಸಿಗಲಿಲ್ಲ. ಗಿಟಾರ್‌ನ 10 ನಂಬರ್ ಮೊದಲ ತಂತಿ ತರಲು ಹೇಳಿದೆ, ಅದೂ ಅದೇ ದಪ್ಪದ ಸಾದಾ ಸ್ಟೀಲ್. ಅದರ ತುದಿಯಲ್ಲಿ ಒಂದು ಹಿತ್ತಾಳೆ ಗುಂಡು ಇರುತ್ತದೆ, ಇಕ್ಕಳದಲ್ಲಿ ಹಿಡಿದು ಹುಷಾರಾಗಿ ಅಮುಕಿದರೆ ಗುಂಡು ಉದುರಿ ಬರೀ ಕುಣಿಕೆ ಉಳಿಯುತ್ತದೆ. ಅದನ್ನು ಮ್ಯಾಂಡೊಲಿನ್ ಬುಡದ ಕೊಕ್ಕೆಗೆ ಸಿಕ್ಕಿಸಿದರೆ ಆಯಿತು.